ಮೊಹಾಕ್ ಭಾಷೆಯಲ್ಲಿ ಮೊದಲ ಮಾತು: ‘ಸೇಗೊ’ನೋ, ‘ಕ್ವೆ’ಯೋ?

ಕೆನಡಾದ ಮಾಂಟ್ರಿಯಲ್ ಪಕ್ಕದ ಕಾನಾವಾಕೆಯಲ್ಲೋ, ಅಮೆರಿಕದ ಗಡಿಗೆ ತಾಗಿದ ಅಕ್ವೆಸಾಸ್ನೆಯಲ್ಲೋ ಅಲ್ಲಿನ ಮೂಲನಿವಾಸಿಗಳಾದ ಮೊಹಾಕ್ ಜನರನ್ನು ಭೇಟಿಯಾಗುವವರಿಗೆ ನಮಸ್ಕಾರ ಹೇಳಲು ಎರಡು ಚಿಕ್ಕ ಪದಗಳು ಸಿಗುತ್ತವೆ. ‘ಕ್ವೆ’ ಸಲುಗೆಯದು, ದಾರಿಯಲ್ಲಿ ಎದುರಾದವರಿಗೆ ಅಷ್ಟೇ ಸಾಕು. ‘ಸೇಗೊ’ ಪದದ ಮೂಲಾರ್ಥ ‘ಇನ್ನೂ’, ‘ಮತ್ತೆ’. ಹಿರಿಯರ ಮುಂದೆ ನಾನು ಇದನ್ನೇ ಆರಿಸುತ್ತೇನೆ.

ಆದರೆ ನನಗೆ ತೀರಾ ಇಷ್ಟವಾದದ್ದು ಮೂರನೆಯದು: ‘ಸ್ಕೆನ್ನೆನ್‌ಕೋವಾ ಕೆನ್?’ ‘ಸ್ಕೆನ್ನೆನ್’ ಎಂದರೆ ಶಾಂತಿ, ‘ಕೋವಾ’ ಎಂದರೆ ದೊಡ್ಡದು. ಕೊನೆಯ ‘ಕೆನ್’ ಮಾತನ್ನು ಪ್ರಶ್ನೆಯಾಗಿಸುತ್ತದೆ, ನಮ್ಮ ‘ಚೆನ್ನಾಗಿದ್ದೀರಾ’ದ ‘ಆ’ ಮಾಡುವ ಕೆಲಸವನ್ನೇ. ನಿಮ್ಮಲ್ಲಿ ಮಹಾಶಾಂತಿ ನೆಲೆಸಿದೆಯೇ ಎಂದು ಕೇಳುವುದಕ್ಕಿಂತ ದೊಡ್ಡ ಕುಶಲಪ್ರಶ್ನೆ ಇನ್ನೇನಿದೆ! ಉತ್ತರ ಕೇಳುವಷ್ಟು ಹೊತ್ತು ನಿಲ್ಲುವುದಾದರೆ ಮಾತ್ರ ಇದನ್ನು ಬಳಸಿ.

ಸಭೆಗೆ ಬಂದವರನ್ನು ಸ್ವಾಗತಿಸಲು ‘ವಾತ್ಕ್ವಾನೊನ್‌ಹ್ವೆರಾತೊನ್’ ಇದೆ. ಉದ್ದಕ್ಕೆ ಹೆದರಬೇಡಿ. ‘ನಾವು ನಿಮ್ಮನ್ನು ವಂದಿಸುತ್ತೇವೆ’ ಎಂಬ ಇಡೀ ವಾಕ್ಯ ಆ ಒಂದೇ ಪದದಲ್ಲಿದೆ, ಯಾರು ಯಾರಿಗೆ ಎಂಬುದೂ ಸೇರಿ. ಇದೇ ಧಾತು ಕೃತಜ್ಞತೆ ಹೇಳುವುದಕ್ಕೂ ಬರುತ್ತದೆ.

ಉಚ್ಚಾರಣೆಗೆ ಒಂದು ಸುಳುಹು: ಈ ಭಾಷೆಯ ಸ್ವಂತ ಪದಗಳಲ್ಲಿ ಪ, ಬ, ಮ ಇಲ್ಲ, ತುಟಿ ಮುಚ್ಚುವುದೇ ಬೇಡ. ‘ಮೊಹಾಕ್’ ಹೊರಗಿನವರು ಇಟ್ಟ ಹೆಸರು. ಅವರ ನುಡಿಗೆ ಅವರದೇ ಹೆಸರು ಕನಿಯೆನ್‌ಕೇಹಾ. ಪರಿಚಯವಾದ ಮೇಲೆ ಆ ಹೆಸರನ್ನೇ ಹೇಳಿ.