ಗುಂಡಿ ತೆಗೆಯುವ ಮೆಷಿನ್: ದೊಡ್ಡದು ಕೊಂಡೆ, ಚಿಕ್ಕದಕ್ಕೆ ಇಳಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಚಿಕ್ಕ ಮೆಷಿನ್‌ಗೆ. 35 ಸಿಸಿ ಫೋರ್ ಸ್ಟ್ರೋಕ್ ಇಂಜಿನ್, 6 ಇಂಚು ಅಗಲದ ಬಿಟ್, ಅಂದರೆ ಮಣ್ಣು ಕೊರೆಯುವ ಸ್ಕ್ರೂ ತರಹದ ಉದ್ದನೆ ಭಾಗ. ಇದಕ್ಕೂ ಮುಂಚೆ 68 ಸಿಸಿ ಟೂ ಸ್ಟ್ರೋಕ್ ಇತ್ತು, 12 ಇಂಚಿನ ಬಿಟ್ ಸಮೇತ. ನಡುವೆ ಎರಡು ದಿನ, ಇಬ್ಬರು ಹಿಡಿಯುವ ಮೆಷಿನ್ ಬಾಡಿಗೆಗೆ ತಂದಿದ್ದೆ. ಮೂರರಲ್ಲೂ ಬೇಲಿ ಕಂಬಕ್ಕೆ, ಸಸಿಗೆ ಗುಂಡಿ ತೆಗೆದಿದ್ದೇನೆ.

ದೊಡ್ಡದನ್ನು ಕೊಂಡಿದ್ದು ಬರೀ ಆಸೆಗೆ. ಸಿಸಿ ಜಾಸ್ತಿ ಇದ್ದರೆ ಕೆಲಸ ಬೇಗ, ಅಲ್ವಾ? ಸ್ವಲ್ಪ ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿತ್ತು. ಆಳ ಒಂದೇ ಇದ್ದರೂ 12 ಇಂಚಿನ ಗುಂಡಿಯಿಂದ ಬರುವ ಮಣ್ಣು 6 ಇಂಚಿನದರ ನಾಲ್ಕರಷ್ಟು. ಇಂಜಿನ್ ಎರಡು ಪಟ್ಟು, ಕೆಲಸ ನಾಲ್ಕು ಪಟ್ಟು. ನನ್ನ ಕಂಬಗಳು ಇರುವುದೇ 3 ಇಂಚು ದಪ್ಪ!

ಇನ್ನು ದೊಡ್ಡದು ಮರದ ಬೇರಿಗೆ ಸಿಕ್ಕಿಕೊಂಡ ಕತೆ. ಮಳೆ ಬಿದ್ದು ಮಣ್ಣು ಮೆತ್ತಗಿತ್ತು. ಬಿಟ್ ಸಲೀಸಾಗಿ ಇಳಿಯುತ್ತಿತ್ತು. ನಾನೂ ಖುಷಿಯಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದೆ. ತಪ್ಪಾಗಿದ್ದೇ ಅಲ್ಲಿ. ಹಸಿ ಮಣ್ಣಿನಲ್ಲಿ ಬಿಟ್ ಮಣ್ಣನ್ನು ಮೇಲಕ್ಕೆ ಎಸೆಯುವುದಿಲ್ಲ, ಸ್ಕ್ರೂ ತರಹ ತಾನೇ ಒಳಗೆ ಹೊಕ್ಕುತ್ತಾ ಹೋಗುತ್ತದೆ. ಎರಡು ಅಡಿ ಇಳಿಯುವ ಹೊತ್ತಿಗೆ ಬೇರಿಗೆ ಸಿಕ್ಕಿತು. ಬಿಟ್ ನಿಂತಿತು, ಇಂಜಿನ್ ನಿಲ್ಲಲಿಲ್ಲ. ಬಿಟ್ ತಿರುಗದಿದ್ದರೆ ಮೆಷಿನ್ ತಾನೇ ತಿರುಗಬೇಕಲ್ಲ, ಎಡಗಡೆಯ ಹಿಡಿಕೆ ಬಂದು ಸೊಂಟಕ್ಕೆ ಬಡಿಯಿತು. ಕೈ ಬಿಟ್ಟೆ ಎನ್ನುವುದಕ್ಕಿಂತ ಕೈ ಬಿಡಿಸಿಕೊಂಡಿತು ಎನ್ನಬೇಕು. ಕ್ಲಚ್ ಕಳಚಿ ಎಲ್ಲಾ ತಣ್ಣಗಾಯಿತು. ಒಂದು ವಾರ ಬಲಕ್ಕೆ ಹೊರಳಿ ಮಲಗಿದ್ದೆ.

ಪೆಟ್ಟಿಗಿಂತ ದೊಡ್ಡ ಫಜೀತಿ ಆಮೇಲೆ. ಹಿಂದಕ್ಕೆ ತಿರುಗಿಸಿ ತೆಗೆಯೋಣ ಎಂದರೆ ರಿವರ್ಸ್ ಗೇರ್ ಇಲ್ಲ. ಕೈಯಲ್ಲಿ ಹಿಡಿಯುವ ಬಹುಪಾಲು ಮೆಷಿನ್‌ಗಳಿಗೆ ಇರುವುದೇ ಇಲ್ಲ. ಎತ್ತಿ ತೆಗೆಯೋಣ ಎಂದರೆ ಒಂದೊಂದು ಸುತ್ತಿನ ಮೇಲೂ ಒದ್ದೆ ಮಣ್ಣು ಕೂತಿದೆ. ನಾನೂ ತಮ್ಮನೂ ಸೇರಿ ಎಳೆದೆವು. ನಮ್ಮ ಬೆನ್ನು ಲಟಕ್ ಎಂದಿತೇ ಹೊರತು ಬಿಟ್ ಅಲುಗಲಿಲ್ಲ.

ಸರಿಯಾದ ದಾರಿ ಏನೆಂದರೆ, ಇಂಜಿನ್ ಆಫ್ ಮಾಡಿ, ಬಿಟ್ಟನ್ನು ಇಂಜಿನ್‌ಗೆ ಜೋಡಿಸುವ ಪಿನ್ ತೆಗೆದು ಇಂಜಿನ್ ಬೇರೆ ಮಾಡಬೇಕು. ಆಮೇಲೆ ಬಿಟ್ಟಿನ ತುದಿಯನ್ನು ಪೈಪ್ ರೆಂಚ್‌ನಲ್ಲಿ ಹಿಡಿದು ಎಡಕ್ಕೆ ತಿರುಗಿಸುತ್ತಾ ಸ್ಕ್ರೂ ಬಿಚ್ಚುವ ಹಾಗೆ ಬಿಚ್ಚಬೇಕು. ಆದರೆ ಪಿನ್ ಆ ಹೊಡೆತಕ್ಕೆ ನಡು ಬಾಗಿತ್ತು. ಅದನ್ನು ಸುತ್ತಿಗೆಯಲ್ಲಿ ಬಡಿದು ಹೊರಹಾಕುವುದಕ್ಕೇ ಅರ್ಧ ಗಂಟೆ. ರೆಂಚ್ ತಿರುಗಿಸಲು ಜಾಗ ಸಾಲದೆ ಗುಂಡಿಯ ಬಾಯಿಯ ಸುತ್ತ ಹಾರೆಯಲ್ಲಿ ಅಗೆದೆ. ಹಾರೆ ಹಿಡಿಯಬಾರದು ಅಂತಲೇ ಮೆಷಿನ್ ತಂದಿದ್ದು! ಕೊನೆಗೆ ಬಿಟ್ ಬಂತು. ಬೇರು ನೋಡಿದರೆ ಹೆಬ್ಬೆರಳಿನಷ್ಟು ದಪ್ಪ.

ಅಂದಿನಿಂದ ಅರ್ಧ ಅಡಿ ಇಳಿಸುವುದು, ಮೇಲೆತ್ತಿ ಮಣ್ಣು ಕೊಡವುವುದು, ಮತ್ತೆ ಇಳಿಸುವುದು. ಯಾವ ಮೆಷಿನ್ ಆದರೂ ಇದೇ ರೂಢಿ. ಎರಡು ಬಿಡಿ ಪಿನ್ ಜೇಬಿನಲ್ಲಿ ಇರುತ್ತವೆ.

ಚಿಕ್ಕದೂ ಬೇರಿಗೆ ಸಿಗುತ್ತದೆ. ಸಿಕ್ಕಾಗ ಒಂದು ಜಗ್ಗು ಕೊಡುತ್ತದೆ, ಅಷ್ಟರಲ್ಲಿ ಕ್ಲಚ್ ಜಾರುತ್ತದೆ, ಇಲ್ಲವೇ ಇಂಜಿನ್ನೇ ನಿಲ್ಲುತ್ತದೆ. ಮೈ ತಡೆದುಕೊಳ್ಳುವಷ್ಟು ಜಗ್ಗು. ಬಿಟ್ ಬಿಡಿಸಲು ಹತ್ತು ನಿಮಿಷ ಸಾಕು. ಶಕ್ತಿ ಕಡಿಮೆ ಇರುವುದೇ ಇಲ್ಲಿ ಉಪಕಾರ. ನಿಧಾನ ಅನ್ನುವುದು ನಿಜ, ಒಣಗಿದ ಜೇಡಿಮಣ್ಣಿನಲ್ಲಂತೂ ತುಂಬಾ ನಿಧಾನ. ಹಿಂದಿನ ದಿನ ನೀರು ಹಾಕಿಟ್ಟರೆ ಪರವಾಗಿಲ್ಲ.

ಇಬ್ಬರು ಹಿಡಿಯುವುದು ಕೆಲಸದಲ್ಲಿ ಎಲ್ಲಕ್ಕಿಂತ ಚುರುಕು. ಆದರೆ ಆ ಕಡೆಯವರು ಕೈ ಬಿಟ್ಟರೆ ಪೂರ್ತಿ ಹೊಡೆತ ನಿಮಗೇ. ನಾನು ಒಬ್ಬನೇ ಕೆಲಸ ಮಾಡುವವನು.

ಪೆಟ್ರೋಲ್ ವಿಷಯ. ಟೂ ಸ್ಟ್ರೋಕ್‌ಗೆ ಆಯಿಲ್ ಬೆರೆಸಬೇಕು. ನನ್ನದಕ್ಕೆ 25ಕ್ಕೆ 1, ಅಂದರೆ ಲೀಟರಿಗೆ 40 ಮಿಲಿ. ಬೆರೆಸುವುದು ಕಷ್ಟವಲ್ಲ. ಉಳಿದದ್ದನ್ನು ಟ್ಯಾಂಕಿನಲ್ಲೇ ಬಿಟ್ಟು ನಾಲ್ಕು ತಿಂಗಳು ಮರೆಯುವುದು ನನ್ನ ಚಾಳಿ, ಕಾರ್ಬ್ಯುರೇಟರ್ ಒಳಗೆ ಅಂಟು ಕಟ್ಟಿತ್ತು. ಫೋರ್ ಸ್ಟ್ರೋಕ್‌ಗೆ ಬರೀ ಪೆಟ್ರೋಲ್. ಅದೂ ಹಳಸುತ್ತದೆ, ಈಗ ಖಾಲಿ ಮಾಡಿಯೇ ಇಡುತ್ತೇನೆ. ಆಯಿಲ್ ಬೇರೆಯಾಗಿ 100 ಮಿಲಿ ಆಸುಪಾಸು. ಆದರೆ ಹೇಗೆಂದರೆ ಹಾಗೆ ಮಲಗಿಸಬೇಡಿ. ಒಮ್ಮೆ ಅಡ್ಡಾದಿಡ್ಡಿ ಮಲಗಿಸಿ ಏರ್ ಫಿಲ್ಟರಿಗೆಲ್ಲಾ ಆಯಿಲ್ ಮೆತ್ತಿಕೊಂಡು, ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆಯೋ ಹೊಗೆ.

ಹೆಪ್ಪುಗಟ್ಟಿದ ಕೆರೆಯಲ್ಲಿ ಮೀನಿಗೆಂದು ತೂತು ತೆಗೆಯಲೂ ಇಂಥದೇ ಇಂಜಿನ್ ಬಳಸುತ್ತಾರೆ. ಆದರೆ ಬಿಟ್ ಬೇರೆ. ಮಂಜುಗಡ್ಡೆಗೆ ಹೆರೆಯುವ ಹರಿತ ಬ್ಲೇಡ್ ಬೇಕು, ಮಣ್ಣಿಗೆ ಅಗೆಯುವ ಹಲ್ಲು. ಮಂಜಿನ ಬ್ಲೇಡನ್ನು ಮಣ್ಣಿಗೆ ತಾಗಿಸಿದರೆ ಅದರ ಹರಿತ ಹೋಯಿತು ಅಂತಲೇ.

ದಿನಕ್ಕೆ ನೂರು ಗುಂಡಿ ತೆಗೆದು ಕೂಲಿ ಮಾಡುವವರಿಗೆ ದೊಡ್ಡದೇ ಬೇಕಾದೀತು. ನನ್ನದು ವರ್ಷಕ್ಕೆ ನಲವತ್ತೋ ಐವತ್ತೋ. ದೊಡ್ಡದನ್ನು ಮಾರಿ ಬಂದ ದುಡ್ಡಿಗೆ ಸ್ವಲ್ಪ ಸೇರಿಸಿ ಚಿಕ್ಕದು ತಂದೆ. ಕೈಯಿಂದ ಹೋಗಿದ್ದಕ್ಕೆ ಬೇಜಾರಿಲ್ಲ.

12 ಇಂಚಿನ ಬಿಟ್ ಮಾತ್ರ ನನ್ನ ಹತ್ತಿರವೇ ಉಳಿದಿದೆ. ಎರಡಕ್ಕೂ ಶಾಫ್ಟ್ ಒಂದೇ ಅಳತೆ. ಒಮ್ಮೆ ತಡೆಯಲಾರದೆ ಚಿಕ್ಕ ಇಂಜಿನ್‌ಗೆ ಹಾಕಿ ನೋಡಿದೆ. ಮುಕ್ಕಾಲು ಅಡಿ ಇಳಿಯುವಷ್ಟರಲ್ಲಿ ಏದುಸಿರು ಬಿಟ್ಟು ನಿಂತಿತು. ಸೊಂಟಕ್ಕೆ ಏನೂ ಆಗಲಿಲ್ಲ.