80 ಮಿ.ಮೀ. ಎಫ್/5 ರಿಫ್ರಾಕ್ಟರ್: ಗ್ಯಾಲಕ್ಸಿ ಚಿತ್ರಕ್ಕೆ ಎಷ್ಟು ಒದಗುತ್ತದೆ?

80 ಮಿ.ಮೀ. ಮಸೂರ, 400 ಮಿ.ಮೀ. ಸಂಗಮ ದೂರ; ಎರಡನೆಯದು ಮೊದಲನೆಯದರ ಐದು ಪಟ್ಟು, ಅದೇ ಎಫ್/5. ಮಸೂರದಿಂದ ಬೆಳಕು ಕೂಡಿಸುವ ದೂರದರ್ಶಕವೇ ರಿಫ್ರಾಕ್ಟರ್. ಹಲವು ಬ್ರ್ಯಾಂಡ್‌ಗಳ ಹೆಸರಲ್ಲಿ ಸಿಗುವ ಈ ಗಿಡ್ಡ ಅಕ್ರೋಮ್ಯಾಟ್ (ಎರಡು ಗಾಜು ಸೇರಿಸಿ ಬಣ್ಣದ ದೋಷ ತಗ್ಗಿಸಿದ ಮಸೂರದ ದೂರದರ್ಶಕ) ಮೂಲತಃ ಕಣ್ಣಿಟ್ಟು ನೋಡುವುದಕ್ಕೆ ಮಾಡಿದ್ದು. ಹಿಂದೆ ಕ್ಯಾಮೆರಾ ಸಿಕ್ಕಿಸಿದ ಕೂಡಲೇ ಇದರ ಗುಣದೋಷಗಳ ಲೆಕ್ಕವೇ ಬದಲಾಗುತ್ತದೆ.

ಗುಣ ಎಂದರೆ ವಿಸ್ತಾರ. ಎಪಿಎಸ್-ಸಿ (ಸಾಮಾನ್ಯ ಡಿಎಸ್‌ಎಲ್‌ಆರ್ ಅಳತೆಯ) ಸೆನ್ಸರ್ ಮೇಲೆ ಸುಮಾರು 3.4 × 2.2 ಡಿಗ್ರಿ ಆಕಾಶ ಬೀಳುತ್ತದೆ. 3 ಡಿಗ್ರಿ ಉದ್ದದ ದೇವಯಾನಿ ಗ್ಯಾಲಕ್ಸಿ (ಎಂ31) ಇದಕ್ಕೇ ಅಳತೆ ಕೊಟ್ಟು ಹೊಲಿಸಿದಂತಿದೆ. ಎಂ33 ಗ್ಯಾಲಕ್ಸಿ, ಸಪ್ತರ್ಷಿ ಮಂಡಲದ ಎಂ81-ಎಂ82 ಗ್ಯಾಲಕ್ಸಿ ಜೋಡಿಯೂ ಚೆನ್ನಾಗಿ ಬರುತ್ತವೆ. ಆದರೆ 11 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್‌ಮಿನಿಟ್) ಅಗಲದ ಸುರುಳಿ ಗ್ಯಾಲಕ್ಸಿ ಎಂ51, 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾದಲ್ಲಿ ಬರೀ 340 ಪಿಕ್ಸೆಲ್. ಸುರುಳಿ ಇದೆ ಎಂದು ತಿಳಿಯುತ್ತದೆ, ಅಷ್ಟೇ.

ದೋಷ ಬಣ್ಣದ್ದು. ಎರಡು ಗಾಜಿನ ಈ ಮಸೂರ ಕೆಂಪನ್ನೂ (656 ನ್ಯಾ.ಮೀ.) ನೀಲಿಯನ್ನೂ (486 ನ್ಯಾ.ಮೀ.) ಒಂದೇ ಕಡೆ ಕೂಡಿಸುತ್ತದೆ, ಹಸಿರು ಮಾತ್ರ ಸುಮಾರು 0.2 ಮಿ.ಮೀ. ಮೊದಲೇ ಕೂಡುತ್ತದೆ. ಎಫ್/5ರಲ್ಲಿ ಫೋಕಸ್ ಹಿಂದೆಮುಂದೆ ಸರಿದರೂ ಚಿತ್ರ ಕೆಡದ ಅಂತರ ಒಟ್ಟು 0.07 ಮಿ.ಮೀ. ಹಾಗಾಗಿ ಹಸಿರಿಗೆ ಫೋಕಸ್ ಮಾಡಿದರೆ ಕೆಂಪು ಚುಕ್ಕಿ ಹತ್ತು ಪಿಕ್ಸೆಲ್‌ನಷ್ಟು ಹರಡುತ್ತದೆ, ನೇರಳೆ ಅದಕ್ಕೂ ಹೆಚ್ಚು. ನೆಬ್ಯುಲಾ ತೆಗೆಯುವವರು ನ್ಯಾರೋಬ್ಯಾಂಡ್ ಫಿಲ್ಟರ್ (ಒಂದೇ ಬಣ್ಣದ ಕಿರಿದಾದ ಪಟ್ಟಿಯನ್ನು ಮಾತ್ರ ಬಿಡುವಂಥದ್ದು) ಹಾಕಿ ಇದರಿಂದ ಪಾರಾಗುತ್ತಾರೆ. ಗ್ಯಾಲಕ್ಸಿಯ ಬೆಳಕು ಬಹುಪಾಲು ನಕ್ಷತ್ರಗಳದ್ದು, ಎಲ್ಲ ಬಣ್ಣಗಳಲ್ಲೂ ಹರಡಿರುವಂಥದ್ದು; ಆ ದಾರಿ ಇಲ್ಲಿಲ್ಲ.

ಮೊದಲ ಮದ್ದು ಕಪ್ಪು ರಟ್ಟು. ನಡುವೆ 60 ಮಿ.ಮೀ. ತೂತು ಕೊರೆದು ಮಸೂರದ ಮುಂದೆ ಕೂರಿಸಿದರೆ ಎಫ್/6.7 ಆಗುತ್ತದೆ, ನೇರಳೆ ಅಂಚು ತಗ್ಗುತ್ತದೆ. ಗಾಜುಗಳ ನಡುವಿನ ಮೂರು ತಗಡಿನ ತುಣುಕುಗಳು ಅಂಚಿನಿಂದ ಒಳಗೆ ಚಾಚಿ ದೊಡ್ಡ ನಕ್ಷತ್ರಗಳನ್ನು ವಿಕಾರ ಮಾಡುವುದೂ ನಿಲ್ಲುತ್ತದೆ. ಬೆಲೆ: ಬೆಳಕು 56 ಶೇಕಡಕ್ಕೆ ಇಳಿಯುತ್ತದೆ, ಎಕ್ಸ್‌ಪೋಶರ್ 1.8 ಪಟ್ಟು ಬೇಕು. ಎರಡನೆಯದು ನಂಬರ್ 8 ಹಳದಿ ಫಿಲ್ಟರ್. ಅದು ಇನ್ಫ್ರಾರೆಡ್ ತಡೆಯುವುದಿಲ್ಲವಾದ್ದರಿಂದ, ಮಾಡಿಫೈ ಮಾಡಿದ (ಒಳಗಿನ ಇನ್ಫ್ರಾರೆಡ್ ತಡೆ ತೆಗೆದ) ಕ್ಯಾಮೆರಾದಲ್ಲಿ ಜೊತೆಗೆ ಐಆರ್-ಕಟ್ ಫಿಲ್ಟರ್ ಬೇಕು. ನಕ್ಷತ್ರಗಳು ಬಿಗಿಯಾಗುತ್ತವೆ, ಆದರೆ ಸುರುಳಿ ತೋಳುಗಳ ನೀಲಿ ಹೋಗುತ್ತದೆ. ಒಂದನ್ನೇ ಆರಿಸುವುದಾದರೆ ರಟ್ಟೇ ಸರಿ.

ಫೋಕಸರ್, ಅಂದರೆ ಕ್ಯಾಮೆರಾವನ್ನು ಹಿಂದೆಮುಂದೆ ಸರಿಸುವ ಕೊಳವೆ, ಈ ದೂರದರ್ಶಕದ ಅತಿ ಬಡ ಭಾಗ. ಕ್ಯಾಮೆರಾದ ಭಾರಕ್ಕೆ ಕೊಳವೆ ಜಗ್ಗಿ, ಚಿತ್ರದ ಒಂದು ಬದಿ ಮಸುಕಾಗುತ್ತದೆ. ಕೊಳವೆ ಬಿಚ್ಚಿ, ಕಾರ್ಖಾನೆಯ ಅಂಟು ಗ್ರೀಸ್ ಒರೆಸಿ, ಒಳಗೆ ತೆಳು ಟೆಫ್ಲಾನ್ ಪಟ್ಟಿ ಅಂಟಿಸಿದರೆ ಅಲುಗಾಟ ಬಹುಮಟ್ಟಿಗೆ ಹೋಗುತ್ತದೆ. ಲಾಕ್ ಸ್ಕ್ರೂ ಬಿಗಿದಾಗ ಫೋಕಸ್ ಸರಿಯುತ್ತದೆ. ಬಾಹ್ಟಿನೋವ್ ಮಾಸ್ಕ್‌ನಲ್ಲಿ (ಮಸೂರದ ಮುಂದಿಟ್ಟು ಫೋಕಸ್ ಪರೀಕ್ಷಿಸುವ ಸೀಳುಗಳ ಮುಚ್ಚಳ) ನೋಡಬೇಕಾದ್ದು ಬಿಗಿದ ಮೇಲೆ. ರಾತ್ರಿ ತಣ್ಣಗಾದಂತೆ ಮತ್ತೆ ಮತ್ತೆ ನೋಡಿ. ಅಂಚಿನ ನಕ್ಷತ್ರಗಳು ಉದ್ದವಾಗಿ ಬಂದರೆ ಅದು ಬಾಗಿದ ಫೋಕಸ್ ತಲದ ಫಲ. ಅದನ್ನು ಸಮತಟ್ಟು ಮಾಡುವ ಮಸೂರ, ಫ್ಲಾಟನರ್, ಕೊಳ್ಳುವುದಾದರೆ ಅದರಿಂದ ಸೆನ್ಸರ್‌ಗೆ ಸಾಮಾನ್ಯವಾಗಿ 55 ಮಿ.ಮೀ. ಅಂತರ ಇರಬೇಕು, ಕ್ಯಾನನ್ ಇಎಫ್ ಬಾಡಿಯ 44 ಮತ್ತು ಕ್ಯಾಮೆರಾ ಜೋಡಿಸುವ ಬಳೆಯಾದ ಟಿ-ರಿಂಗ್‌ನ 11 ಸೇರಿ ಅದಷ್ಟಾಗುತ್ತದೆ. ಬೇಡವೆಂದರೆ ಅಂಚು ಕತ್ತರಿಸಿ.

ಆಕಾಶದ ಚಲನೆಯನ್ನು ಹಿಂಬಾಲಿಸುವ ಟ್ರ್ಯಾಕಿಂಗ್ ಮೌಂಟ್ ಇಲ್ಲದೆ ಇದ್ಯಾವುದೂ ಆಗದು. ಧ್ರುವಕ್ಕೆ ಸರಿಯಾಗಿ ಹೊಂದಿಸಿ, ಕತ್ತಲೆ ಆಕಾಶದಲ್ಲಿ ಐಎಸ್ಒ 800ರಿಂದ 1600, ಒಂದೊಂದು ನಿಮಿಷದ 180 ಫ್ರೇಮ್. ರಟ್ಟು ಹಾಕಿದ್ದರೆ 300ಕ್ಕೂ ಹೆಚ್ಚು. ಮೂರ್ನಾಲ್ಕು ಫ್ರೇಮಿಗೊಮ್ಮೆ ಡಿದರ್ ಮಾಡಿ (ದೂರದರ್ಶಕವನ್ನು ತುಸು ಸರಿಸಿ), ಇಲ್ಲವಾದರೆ ಸೆನ್ಸರ್‌ನ ಗೆರೆಗಳು ಸ್ಟ್ಯಾಕ್‌ನಲ್ಲಿ, ಅಂದರೆ ಎಲ್ಲ ಫ್ರೇಮ್ ಒಟ್ಟುಗೂಡಿಸಿದ ಚಿತ್ರದಲ್ಲಿ, ಎದ್ದು ಕಾಣುತ್ತವೆ. 1.25 ಇಂಚಿನ ಕೊಳವೆ ಮೂಲೆಗಳನ್ನು ಕಪ್ಪಾಗಿಸುವುದರಿಂದ ಫ್ಲಾಟ್‌ಗಳನ್ನು (ಆ ಕಪ್ಪನ್ನು ಆಮೇಲೆ ಸರಿಪಡಿಸಲು ಸಮನಾದ ಬೆಳಕಿನಲ್ಲಿ ತೆಗೆದ ಚಿತ್ರಗಳು) ಬಿಡುವಂತಿಲ್ಲ: ಕ್ಯಾಮೆರಾ ತಿರುಗಿಸದೆ, ಫೋಕಸ್ ಮುಟ್ಟದೆ 30.

ಸಿರಿಲ್ ಎಂಬ ಖಗೋಳ ಚಿತ್ರ ತಂತ್ರಾಂಶದಲ್ಲಿ ಸ್ಟ್ಯಾಕ್ ಮಾಡಿದ ಮೇಲೆ ಮೂರು ಚಾನೆಲ್ ಬಿಡಿಸಿ, ಕೆಂಪು-ನೀಲಿಗಳನ್ನು ಹಸಿರಿಗೆ ಮತ್ತೆ ಅಲೈನ್ ಮಾಡಬೇಕು. ಬಣ್ಣದಿಂದ ಬಣ್ಣಕ್ಕೆ ಚಿತ್ರದ ಅಳತೆಯೂ ತುಸು ಬೇರೆ. ಹಸಿರನ್ನೇ ಲ್ಯೂಮಿನನ್ಸ್ (ಹೊಳಪಿನ ಪದರ) ಆಗಿ ಬಳಸಿದರೆ ವಿವರ ಉಳಿಯುತ್ತದೆ. ಎಂ33ಕ್ಕೆ ಇನ್ನೊಂದು ಉಪಾಯವಿದೆ: ಹೈಡ್ರೋಜನ್-ಆಲ್ಫಾ ಫಿಲ್ಟರ್ (ಹೈಡ್ರೋಜನ್ ಅನಿಲದ ಕೆಂಪು ಬೆಳಕನ್ನಷ್ಟೇ ಬಿಡುವಂಥದ್ದು) ಹಾಕಿ, ಫೋಕಸ್ ಹೊಸದಾಗಿ ಮಾಡಿ, ಎರಡು ಗಂಟೆ ಬೇರೆಯಾಗಿ ತೆಗೆದು ಕೆಂಪು ಚಾನೆಲ್‌ಗೆ ಸೇರಿಸುವುದು. ಒಂದೇ ಬಣ್ಣವಾದ್ದರಿಂದ ಅಲ್ಲಿ ಈ ಅಗ್ಗದ ಮಸೂರಕ್ಕೂ ಬಣ್ಣದ ದೋಷವಿಲ್ಲ. ಎಂ33ರ ಒಳಗಿನ ದೊಡ್ಡ ನೆಬ್ಯುಲಾ ಎನ್‌ಜಿಸಿ 604 ಚೊಕ್ಕವಾಗಿ ಮೂಡುತ್ತದೆ.