ಪಿಎಚ್‌.ಡಿ.ಗೆ ಸೇರುವ ಮುನ್ನ ಸಲಹಾ ಸಮಿತಿಯನ್ನು ವಿಚಾರಿಸಿ

ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ಪಿಎಚ್‌.ಡಿ. ತರಬೇತಿಯನ್ನು ತೂಗಿ ನೋಡುವವರು ಸಾಮಾನ್ಯವಾಗಿ ಮೈಕ್ರೋಸ್ಕೋಪುಗಳನ್ನೂ ಪೇಪರುಗಳ ಪಟ್ಟಿಯನ್ನೂ ನೋಡುತ್ತಾರೆ. ನಾವು ಹೆಚ್ಚು ಅಂಕ ಕೊಡುವುದು ಥೀಸಿಸ್ ಸಲಹಾ ಸಮಿತಿಗೆ, ಅಂದರೆ ಗೈಡ್ ಜೊತೆಗೆ ವಿದ್ಯಾರ್ಥಿಯ ಪ್ರಗತಿಯನ್ನು ನೋಡುವ ಪ್ರಾಧ್ಯಾಪಕರ ಗುಂಪಿಗೆ. ಯೋಜನೆ ಕೊಡುವವರೂ ಪ್ರಗತಿ ಅಳೆಯುವವರೂ ಶಿಫಾರಸು ಪತ್ರ ಬರೆಯುವವರೂ ಗೈಡ್ ಒಬ್ಬರೇ ಆದ ಕಡೆ, ದಾರಿ ತಪ್ಪಿದ ಪ್ರಾಜೆಕ್ಟ್ ಮೂರನೇ ವರ್ಷದವರೆಗೂ ಯಾರ ಕಣ್ಣಿಗೂ ಬೀಳದೆ ಇರಬಹುದು.

ಮೊದಲ ವರ್ಷದ ಲ್ಯಾಬ್ ರೊಟೇಶನ್ ಒಳ್ಳೆಯ ಏರ್ಪಾಡು: ಎರಡು ಅಥವಾ ಮೂರು ಲ್ಯಾಬ್, ತಲಾ 6ರಿಂದ 12 ವಾರ. ಅಷ್ಟರಲ್ಲಿ ಹೇಳಿಕೊಳ್ಳುವಂಥ ಫಲಿತಾಂಶ ಬರುವುದು ಕಡಿಮೆ. ಒಂದು ಕ್ಲೋನಿಂಗ್ (ಜೀನ್ ತುಣುಕಿನ ನಕಲು ಮಾಡುವ ಕೆಲಸ) ಕೆಟ್ಟರೆ ಎರಡು ವಾರ ಹೋಯಿತು. ಗೈಡ್ ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ, ಕೆಟ್ಟುಹೋದ ಪ್ರಯೋಗವನ್ನು ಲ್ಯಾಬ್ ಮೀಟಿಂಗಿನಲ್ಲಿ ತೋರಿಸಲು ಕಿರಿಯರು ಅಂಜುತ್ತಾರೆಯೇ, ಹಿಂದಿನವರ ನೋಟ್‌ಬುಕ್ ಓದಿ ಅದೇ ಪ್ರಯೋಗವನ್ನು ಮತ್ತೆ ಮಾಡಲಾಗುತ್ತದೆಯೇ ಎಂಬುದನ್ನು ನೋಡಿಕೊಳ್ಳಲು ಮಾತ್ರ ಅಷ್ಟು ಕಾಲ ಸಾಕು.

ಇನ್ನು ಸಮಿತಿ. ಗೈಡ್ ಜೊತೆಗೆ ಎರಡು ಮೂರು ಮಂದಿ ಇರಬೇಕು, ಒಬ್ಬರಾದರೂ ಹೊರಗಿನವರಾಗಿರಬೇಕು. ಮೊದಲ ಸಭೆ 6ರಿಂದ 9 ತಿಂಗಳೊಳಗೆ, ಆಮೇಲೆ ವರ್ಷಕ್ಕೊಮ್ಮೆ. ಕೆಲಸ ಸಿಕ್ಕಿಕೊಂಡಿದ್ದರೆ ಆರು ತಿಂಗಳಿಗೇ. ಎರಡು ವಾರ ಮೊದಲು ಐದಾರು ಪುಟದ ವರದಿ ಕೈಸೇರಬೇಕು. ಮಂಡನೆ ಮುಗಿದ ಮೇಲೆ ಗೈಡ್ ಹೊರಗೆ ಹೋಗಿ ವಿದ್ಯಾರ್ಥಿ ಸಮಿತಿಯೊಡನೆ ಹತ್ತು ನಿಮಿಷ, ನಂತರ ವಿದ್ಯಾರ್ಥಿ ಹೊರಗೆ, ಗೈಡ್ ಒಳಗೆ. ಈ ವ್ಯವಸ್ಥೆಯ ಜೀವ ಇರುವುದೇ ಈ ಎರಡು ಗಳಿಗೆಗಳಲ್ಲಿ. ಇದನ್ನು ಕೈಬಿಟ್ಟ ಸಂಸ್ಥೆಗೆ ನಾವು ಪಾಸು ಅಂಕವನ್ನೂ ಕೊಡುವುದಿಲ್ಲ. ತೀರ್ಮಾನಗಳು ಬರಹದಲ್ಲಿರಬೇಕು, ಇಲ್ಲದಿದ್ದರೆ ಆರು ತಿಂಗಳ ನಂತರ ಒಬ್ಬೊಬ್ಬರ ನೆನಪು ಒಂದೊಂದು ಥರ.

ಕೆಡುವುದು ಎಲ್ಲಿ? ಸದಸ್ಯರೆಲ್ಲ ಗೈಡ್‌ನ ಸಹಲೇಖಕರೇ ಆದಾಗ. ದಿನಾಂಕ ಹೊಂದಿಸುವ ಹೊಣೆ ವಿದ್ಯಾರ್ಥಿಯ ಮೇಲೆ ಬಿದ್ದಾಗಲೂ ಅಷ್ಟೇ: ನಾಲ್ವರು ಪ್ರಾಧ್ಯಾಪಕರ ಬಿಡುವು ಕೂಡಿಬರುವುದರೊಳಗೆ ವರ್ಷ ಉರುಳುತ್ತದೆ. ದಿನ ಗೊತ್ತುಮಾಡುವುದು ಕಚೇರಿಯ ಕೆಲಸ.

ಸಮಿತಿ ಗಟ್ಟಿಯಾಗಿದ್ದರೆ ಯಾವ ಕೆಲಸಕ್ಕೆ ಎಷ್ಟು ಕಾಲ ಎಂಬ ಕ್ಯಾಲೆಂಡರನ್ನು ಮೊದಲ ಸಭೆಯಲ್ಲೇ ಕೇಳುತ್ತದೆ. ಇಲಿಗಳ ಮೇಲಿನ ಕೆಲಸವನ್ನೇ ನೋಡಿ. ಇಲಿಯ ಗರ್ಭಾವಧಿ ಸುಮಾರು 20 ದಿನ, ಮರಿ ಸಂತಾನಕ್ಕೆ ಬರಲು 6ರಿಂದ 8 ವಾರ. ಒಂದು ಪೀಳಿಗೆಗೆ ಮೂರು ತಿಂಗಳೆಂದೇ ಲೆಕ್ಕ. ಮೂರು ಜೀನ್ ಬದಲಾವಣೆಗಳು ಒಂದೇ ಇಲಿಯಲ್ಲಿ ಕೂಡಬೇಕಾದರೆ ಪ್ರಯೋಗ ಶುರುವಾಗುವಾಗಲೇ ವರ್ಷ ಸವೆದಿರುತ್ತದೆ. ಆ ನಡುವೆ ಕೋಶ ಕೃಷಿಯಲ್ಲಿ (ಲ್ಯಾಬಿನಲ್ಲಿ ಬೆಳೆಸಿದ ಕೋಶಗಳಲ್ಲಿ) ಸಮಾನಾಂತರ ಪ್ರಶ್ನೆಯೊಂದು ಓಡುತ್ತಿರಬೇಕು, ಆ ಕೋಶಗಳಿಗೆ ಕಾಣದಂತೆ ಸೇರಿಕೊಳ್ಳುವ ಬ್ಯಾಕ್ಟೀರಿಯಾ ಮೈಕೋಪ್ಲಾಸ್ಮಾದ ಪರೀಕ್ಷೆಯೂ ತಪ್ಪದೆ ಆಗುತ್ತಿರಬೇಕು. ಸಂಖ್ಯಾಶಾಸ್ತ್ರದ ಪಾಠ ಡೇಟಾ ಬಂದ ಮೇಲೆ ಸಿಕ್ಕರೆ ತಡವಾಯಿತು. ಒಂದೇ ಫ್ಲಾಸ್ಕಿನ ಕೋಶಗಳನ್ನು ಒಂದೇ ದಿನ ಪ್ಲೇಟಿನ ಮೂರು ಗುಳಿಗಳಿಗೆ ಹಾಕಿ ‘ಮೂರು ಸ್ವತಂತ್ರ ಪ್ರಯೋಗ’ ಎಂದು ಎಣಿಸುವ ತಪ್ಪು ಪರೀಕ್ಷಕರ ಎದುರು ಬಯಲಾಗುವುದು ಬೇಸರದ ಸಂಗತಿ.

ಪದವಿಯ ದಾರಿಯನ್ನೂ ಕೇಳಿಕೊಳ್ಳಿ. ಯುರೋಪಿಯನ್ ಮಾಲಿಕ್ಯುಲರ್ ಬಯಾಲಜಿ ಲ್ಯಾಬೊರೇಟರಿ 1983ರಲ್ಲಿ ಆರಂಭಿಸಿದ ಕಾರ್ಯಕ್ರಮವಾಗಲಿ, ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸೊಸೈಟಿ 2000ದಲ್ಲಿ ಶುರುಮಾಡಿದ ಸಂಶೋಧನಾ ಶಾಲೆಗಳಾಗಲಿ ನಡೆಯುವುದು ವಿಶ್ವವಿದ್ಯಾಲಯಗಳ ಸಹಭಾಗಿತ್ವದಲ್ಲೇ. ಹೀಗಿರುವ ಕಡೆ ನೋಂದಣಿಯ ದಿನಾಂಕವೂ ನಿಯಮವೂ ವಿಶ್ವವಿದ್ಯಾಲಯದ್ದಾಗಿರಬಹುದು. ಸೇರಿದ ತಿಂಗಳಲ್ಲೇ ನೋಂದಣಿಗೆ ಅರ್ಜಿ ಹಾಕಿ. ಥೀಸಿಸ್ ಬರೆಯಲು ನಾಲ್ಕರಿಂದ ಆರು ತಿಂಗಳು ಇಟ್ಟುಕೊಳ್ಳಿ, ವಿದ್ಯಾರ್ಥಿವೇತನ ಮೌಖಿಕ ಪರೀಕ್ಷೆಯವರೆಗೆ ಬರುತ್ತದೆಯೋ ಸಲ್ಲಿಸಿದ ದಿನಕ್ಕೇ ನಿಲ್ಲುತ್ತದೆಯೋ ಎಂಬುದನ್ನು ಸಹಿ ಹಾಕುವ ಮೊದಲೇ ಬರಹದಲ್ಲಿ ಪಡೆಯಿರಿ.